ಬ್ರೇಕ್ ಮೊದಲಾ, ವೈರಿಂಗ್ ಮೊದಲಾ? ಎರಡೂ ಒಂದೇ ರಿಪೇರಿ ಇರಬಹುದು

ಸೆಕೆಂಡ್ ಹ್ಯಾಂಡ್ ಡರ್ಟ್ ಬೈಕ್, ಹಿಂದಿನ ಬ್ರೇಕ್ ಒತ್ತಿದರೆ ಫ್ಯೂಸ್ ಹೋಗುತ್ತದೆ, ಹಿಂದಿನ ಡಿಸ್ಕ್ ಮುಟ್ಟಲಾಗದಷ್ಟು ಬಿಸಿ. ಬ್ರೇಕ್ ಮೊದಲು ಮಾಡಿಸಲಾ, ವೈರಿಂಗಾ ಅಂತ ಕೇಳಿದ್ದೀರಿ. ಯಾವ ಪಾರ್ಟ್‌ಗೂ ಇನ್ನೂ ದುಡ್ಡು ಹಾಕಬೇಡಿ. ಇವು ಎರಡು ಕಾಯಿಲೆ ಅಂತ ನಿಮಗೆ ಯಾರು ಹೇಳಿದರು?

ನಾನು ಮೂಡಿಗೆರೆ ಕಡೆಯಿಂದ ತಂದ 200 ಸಿಸಿ ಬೈಕಿನಲ್ಲೂ ಇದೇ ಇತ್ತು. ಮುಂದಿನ ಬ್ರೇಕ್ ಹಿಡಿದರೆ ಏನೂ ಇಲ್ಲ. ಹಿಂದಿನ ಪೆಡಲ್ ಒತ್ತಿದರೆ ಫ್ಯೂಸ್ ಢಮಾರ್, ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ. ನಾನೇನು ಮಾಡಿದೆ ಗೊತ್ತಾ? 10 ಆಂಪಿಯರ್ ಫ್ಯೂಸ್ ತೆಗೆದು 20 ಆಂಪಿಯರ್ ಹಾಕಿದೆ. ಫ್ಯೂಸ್ ಹೋಗುವುದು ನಿಂತಿತು. ಸರಿಯಾಯ್ತು ಅಂದುಕೊಂಡು ಮಳೆಯಲ್ಲೇ ಬಿಸ್ಲೆ ಘಾಟ್ ಹತ್ತಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ. ಫ್ಯೂಸ್ ಇರುವುದು ಬಲ್ಬನ್ನೋ ಹಾರ್ನನ್ನೋ ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. ಆ ಸಣ್ಣ ವೈರು ಎಷ್ಟು ಕರೆಂಟ್ ತಡೆಯುತ್ತದೆ ಅಂತ ನೋಡಿಯೇ ಕಂಪನಿಯವರು 10 ಅಂತ ಇಟ್ಟಿರುತ್ತಾರೆ. 21 ವ್ಯಾಟ್‌ನ ಬ್ರೇಕ್ ಬಲ್ಬ್ ಎರಡು ಆಂಪಿಯರ್ ಕೂಡ ಎಳೆಯುವುದಿಲ್ಲ. ಹಾಗಿರುವಾಗ 10ರ ಫ್ಯೂಸ್ ಸುಟ್ಟರೆ ವೈರು ಎಲ್ಲೋ ಫ್ರೇಮಿನ ಲೋಹಕ್ಕೆ ತಾಗಿ ಶಾರ್ಟ್ ಆಗುತ್ತಿದೆ ಅಂತಲೇ ಅರ್ಥ. ಅಲ್ಲಿಗೆ 20 ಹಾಕಿದರೆ ಶಾರ್ಟ್ ಹಾಗೇ ಇರುತ್ತದೆ, ಸುಡುವ ಜಾಗ ಮಾತ್ರ ಬದಲಾಗುತ್ತದೆ. ಫ್ಯೂಸ್ ಸುಡುವ ಬದಲು ವೈರೇ ಬಿಸಿಯಾಗುತ್ತದೆ. ಅದರ ಪ್ಲಾಸ್ಟಿಕ್ ಕರಗಿ ಪಕ್ಕದ ವೈರಿಗೆ ಅಂಟುತ್ತದೆ. ಆ ಪಕ್ಕದ ವೈರು ಚಾರ್ಜಿಂಗ್‌ನದ್ದಾಗಿದ್ದರೆ ಕಥೆ ಮುಗಿಯಿತು.

ನನ್ನದರಲ್ಲಿ ಹಾಗೇ ಆಯಿತು. ಸೀಟಿನ ಕೆಳಗಿಂದ ಸುಟ್ಟ ವಾಸನೆ, ಬಿಳಿ ಹೊಗೆ, ಗಾಡಿ ಬಂದ್. ಸೀಟ್ ಎತ್ತಿದರೆ ನಾಲ್ಕೈದು ವೈರು ಒಂದೇ ಕಪ್ಪು ಮುದ್ದೆಯಾಗಿತ್ತು. ವೈರಿಂಗ್ ಕಿಟ್ ಹೋಯಿತು, ಆರ್‌ಆರ್ ಯೂನಿಟ್ (ಬ್ಯಾಟರಿಗೆ ಹೋಗುವ ಚಾರ್ಜನ್ನು ಹದದಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಹೋಯಿತು. ಜೀಪಿನಲ್ಲಿ ಹಾಕಿಕೊಂಡು ಸಕಲೇಶಪುರಕ್ಕೆ ಇಳಿಸಿದೆವು.

ಮೂಲ ಸಿಕ್ಕಿದ್ದು ಬ್ರೇಕ್ ಪೆಡಲ್ ಹತ್ತಿರ. ಹಿಂದಿನ ಮಾಲೀಕರು ದಪ್ಪ ಬೂಟಿಗೆ ಅನುಕೂಲ ಅಂತ ಸ್ಟಾಪರ್ ಬೋಲ್ಟ್ ತಿರುಗಿಸಿ ಪೆಡಲ್ ತಗ್ಗಿಸಿದ್ದರು. ಪೆಡಲ್ ಒತ್ತಿದ್ದನ್ನು ಮಾಸ್ಟರ್ ಸಿಲಿಂಡರಿಗೆ (ಬ್ರೇಕ್ ಆಯಿಲ್ ತಳ್ಳುವ ಪಂಪಿಗೆ) ಮುಟ್ಟಿಸುವ ಪುಷ್ ರಾಡ್ ಮಾತ್ರ ಹಾಗೇ ಬಿಟ್ಟಿದ್ದರು. ರಾಡ್ ಸದಾ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಒತ್ತಿಕೊಂಡೇ ಇರುತ್ತಿತ್ತು. ಬ್ರೇಕ್ ಆಯಿಲ್ ವಾಪಸ್ ಹೋಗುವ ಸಣ್ಣ ತೂತು ತೆರೆಯುತ್ತಲೇ ಇರಲಿಲ್ಲ. ಪ್ಯಾಡ್ ಉಜ್ಜಿ, ಆಯಿಲ್ ಬಿಸಿಯಾಗಿ ಹಿಗ್ಗಿ, ಇನ್ನೂ ಗಟ್ಟಿ ಹಿಡಿಯುತ್ತಿತ್ತು. ಪೆಡಲ್ ತಗ್ಗಿದ್ದರಿಂದ ಬ್ರೇಕ್ ಸ್ವಿಚ್ಚಿನ ಸ್ಪ್ರಿಂಗೂ ಎಳೆದುಕೊಂಡು ಲೈಟ್ ಸದಾ ಉರಿಯುತ್ತಿತ್ತಂತೆ. ಅದಕ್ಕೆ ಸ್ವಿಚ್ಚನ್ನು ಅದರ ಜಾಗದಿಂದ ಕಿತ್ತು, ಕೆಳಗೆ ಕೇಬಲ್ ಟೈ ಹಾಕಿ ಕಟ್ಟಿದ್ದರು. ಪೆಡಲ್ ಒತ್ತಿದಾಗೆಲ್ಲ ಸ್ವಿಚ್ ಜಗ್ಗಿ, ಅದರ ವೈರು ಫ್ರೇಮಿನ ಒಂದು ಬೋಲ್ಟಿನ ಅಂಚಿಗೆ ತಾಗುತ್ತಿತ್ತು. ಕೆಂಪು ಮಣ್ಣು ಒರೆಸಿ ನೋಡಿದರೆ ಅಕ್ಕಿಕಾಳಿನಷ್ಟು ಜಾಗದಲ್ಲಿ ತಾಮ್ರ ಹೊಳೆಯುತ್ತಿತ್ತು. ಅಷ್ಟೇ.

ನಿಮ್ಮದರಲ್ಲಿ ಹೀಗೆ ನೋಡಿ. ಮುಂದಿನ ಬ್ರೇಕ್ ಹಿಡಿದಾಗ ಫ್ಯೂಸ್ ಉಳಿದು, ಹಿಂದಿನದಕ್ಕೆ ಮಾತ್ರ ಹೋದರೆ ಪೆಡಲಿನ ಸುತ್ತಲೇ ಹುಡುಕಿ. ಎರಡಕ್ಕೂ ಹೋದರೆ ಟೇಲ್ ಲ್ಯಾಂಪ್‌ಗೆ ಹೋಗುವ ವೈರು ಅಥವಾ ಬಲ್ಬ್ ಹೋಲ್ಡರ್ ನೋಡಿ. ಹಿಂದಿನ ಮಡ್‌ಗಾರ್ಡ್ ಕೆಳಗೆ ಟೈರ್ ತಾಗಿ ವೈರು ಸವೆಯುವುದು ಈ ಬೈಕುಗಳಲ್ಲಿ ಮಾಮೂಲಿ. ಸುಮ್ನೆ ಫ್ಯೂಸ್ ಮೇಲೆ ಫ್ಯೂಸ್ ಹಾಳು ಮಾಡಬೇಡಿ. ಫ್ಯೂಸ್ ಜಾಗಕ್ಕೆ ಎರಡು ವೈರಿನಲ್ಲಿ 12 ವೋಲ್ಟ್ 21 ವ್ಯಾಟ್ ಬಲ್ಬ್ ಸಿಕ್ಕಿಸಿ. ಬೈಕಿನ ಬ್ರೇಕ್ ಬಲ್ಬ್ ಕಳಚಿಡಿ. ಹೆಡ್‌ಲೈಟ್ ಕಪ್ಲರ್ (ವೈರಿನ ಜೋಡಣೆ) ಕೂಡ ಬಿಡಿಸಿ, ಇಲ್ಲದಿದ್ದರೆ ಅದರ ಕರೆಂಟಿಗೇ ಟೆಸ್ಟ್ ಬಲ್ಬ್ ಉರಿಯುತ್ತದೆ; 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಅದನ್ನು ಆಫ್ ಮಾಡುವ ಸ್ವಿಚ್ ಇರುವುದಿಲ್ಲ. ಪೆಡಲ್ ಒತ್ತಿದಾಗ ಆ ಟೆಸ್ಟ್ ಬಲ್ಬ್ ಪೂರ್ತಿ ಉರಿದರೆ ಶಾರ್ಟ್ ಇದೆ. ಪೆಡಲ್ ಹಾಗೇ ಹಿಡಿಸಿಕೊಂಡು ವೈರುಗಳನ್ನು ಒಂದೊಂದಾಗಿ ಅಲ್ಲಾಡಿಸಿ. ಎಲ್ಲಿ ಬಲ್ಬ್ ಮಂಕಾಗುತ್ತದೋ ಅಲ್ಲೇ ಇದೆ.

ಬ್ರೇಕಿಗೆ, ಹಿಂದಿನ ಚಕ್ರ ಎತ್ತಿ ತಿರುಗಿಸಿ. ಬಿಗಿಯಾಗಿದ್ದರೆ ಡಿಸ್ಕ್ ತಣ್ಣಗಾದ ಮೇಲೆ ಕ್ಯಾಲಿಪರಿನ (ಪ್ಯಾಡಿನಿಂದ ಡಿಸ್ಕ್ ಹಿಡಿಯುವ ಭಾಗದ) ಬ್ಲೀಡ್ ನಿಪ್ಪಲ್, ಅಂದರೆ ಆಯಿಲ್ ಹೊರಬಿಡುವ ಸಣ್ಣ ತಿರುಪು, ಸ್ವಲ್ಪ ಸಡಿಲಿಸಿ. ಚಕ್ರ ತಟ್ಟನೆ ಬಿಟ್ಟುಕೊಂಡರೆ ತೊಂದರೆ ಮೇಲೆ, ಪುಷ್ ರಾಡ್ ಕಡೆ. ಆಗಲೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ನೋ, ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನೋ ಮಣ್ಣು ತಿಂದು ಕೂತಿದೆ. ಪಿನ್ನಿಗೆ ಸಿಲಿಕಾನ್ ಗ್ರೀಸ್ ಮಾತ್ರ ಹಾಕಿ, ಮಾಮೂಲಿ ಗ್ರೀಸ್‌ಗೆ ರಬ್ಬರ್ ಊದಿಕೊಳ್ಳುತ್ತದೆ. ಆಯಿಲ್ ಇಷ್ಟು ಕಾದಿದೆ ಅಂದ ಮೇಲೆ ಪೂರ್ತಿ ಬದಲಿಸಿ, ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಅಂತಿದ್ದರೆ ಅದನ್ನೇ ಹಾಕಿ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಹೀರಿದ ಹಳೆಯದು 155ರ ಹತ್ತಿರವೇ ಕುದಿಯಬಹುದು. ಆಗ ಇಳಿಜಾರಿನಲ್ಲಿ ಪೆಡಲ್ ಒತ್ತಿದರೆ ಬ್ರೇಕೇ ಸಿಗುವುದಿಲ್ಲ.

ಇದು ಸರಿಯಾಗುವವರೆಗೆ ದಯವಿಟ್ಟು ಘಾಟ್ ಇಳಿಯಬೇಡಿ. ಈಗ ಫ್ಯೂಸ್ ಬಾಕ್ಸಿನಲ್ಲಿ ಎಷ್ಟು ಆಂಪಿಯರ್‌ನದ್ದು ಕೂತಿದೆ ಅಂತ ಇವತ್ತೇ ನೋಡಿ. ಹಿಂದಿನ ಮಾಲೀಕರೇ ದೊಡ್ಡದು ಹಾಕಿರಬಹುದು.