ನಾಟಕ ಬರೆಯದವರು ನಾಟಕವನ್ನು ವಿಮರ್ಶಿಸಬಹುದೇ?

ಹಾಸನಾಂಬ ಕಲಾಕ್ಷೇತ್ರದಲ್ಲಿ ನಿಮ್ಮ ತಂಡ ಆಡಿದ ನಾಟಕವನ್ನು ಒಬ್ಬರು ಕಟುವಾಗಿ ವಿಮರ್ಶಿಸಿದರು. ಒಂದು ದೃಶ್ಯವನ್ನೂ ಬರೆಯದವರಿಗೆ ಆ ಹಕ್ಕು ಎಲ್ಲಿಂದ ಬಂತು ಎಂದು ಕೇಳಿದ್ದೀರಿ.

ನಾನು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರ. ನಮ್ಮಲ್ಲಿ ಕಾಫಿಯ ರುಚಿ ನೋಡುವವರು ತೋಟ ಮಾಡಿರಬೇಕಿಲ್ಲ. ಹುರಿದ ಪುಡಿಗೆ ಬಿಸಿನೀರು ಸುರಿದು, ಮೂಸಿ, ಚಮಚದಿಂದ ಸೊರ್ರೆಂದು ಹೀರಿ, ಉಗುಳಿ, ‘ಹುಳಿತದ ವಾಸನೆ ಇದೆ’ ಎಂದುಬಿಡುತ್ತಾರೆ. ನನಗೂ ಒಮ್ಮೆ ಹಾಗೆಂದಾಗ ಸಿಟ್ಟು ಬಂದಿತ್ತು. ಆದರೆ ಪಲ್ಪ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ಸುಲಿದ ಬೀಜ ಹುಳಿಯಲು ಬಿಟ್ಟ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಉಳಿದಿದ್ದು ನನಗೆ ಗೊತ್ತಿತ್ತಲ್ಲ!

‘ವಿಮರ್ಶೆ’ಯ ಮೂಲ ಸಂಸ್ಕೃತದ ‘ಮೃಶ್’. ಮುಟ್ಟು, ತಡವು ಎಂದರ್ಥ. ಇಂಗ್ಲಿಷಿನ ‘ಕ್ರಿಟಿಕ್’ ಬಂದಿರುವುದು ಬೇರ್ಪಡಿಸು, ತೀರ್ಮಾನಿಸು ಎನ್ನುವ ಗ್ರೀಕ್ ಪದದಿಂದ. ನನಗೆ ನಮ್ಮ ಪದವೇ ಹೆಚ್ಚು ಇಷ್ಟ. ತೀರ್ಪಿಗಿಂತ ಮೊದಲು ಕೈ ಮುಟ್ಟಿರಬೇಕು.

ಆ ವಿಮರ್ಶಕರು ಕೊನೆಯವರೆಗೆ ಕುಳಿತಿದ್ದರೇ? ಎಲ್ಲಿ ಸೋತಿತು, ಏಕೆ ಸೋತಿತು ಎಂದು ತೋರಿಸಿದರೇ? ‘ಎರಡನೇ ಅಂಕ ಎಳೆದಾಡಿದೆ’ ಎಂದು ಬರೆದಿದ್ದಾರೆಂದು ನೀವೇ ಹೇಳಿದ್ದೀರಿ. ಅದು ನಿಜವೇ, ಮೊದಲು ಅದನ್ನು ನೋಡಿ. ಬೆಳಕು ನಿರ್ವಹಿಸಿದ ಹುಡುಗನನ್ನು ಗೇಲಿ ಮಾಡಿದ್ದು ಮಾತ್ರ ವಿಮರ್ಶೆಯಲ್ಲ, ಒಪ್ಪುತ್ತೇನೆ.