ಚಿಕ್ಕ ಮಗುವಿಗೆ ಹೀಬ್ರೂನಲ್ಲಿ ಪ್ರಶ್ನೆ ಕೇಳೋದನ್ನ ಹೇಗೆ ಕಲಿಸಲಿ?

ನಿಮ್ಮ ನಾಲ್ಕೂವರೆ ವರ್ಷದ ಮಗಳು ಸೆಪ್ಟೆಂಬರ್ 1ಕ್ಕೆ ಇಸ್ರೇಲಿನ ಶಿಶುವಿಹಾರಕ್ಕೆ ಸೇರುತ್ತಾಳೆ, ಅವಳಿಗೆ ಪ್ರಶ್ನೆಗಳನ್ನು ಇಂಗ್ಲಿಷ್ ಮೂಲಕ ಹೇಳಿಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕನ್ನಡದಿಂದಲೇ ಶುರುಮಾಡಿ. ಇಸ್ರೇಲಿನ ರೆಹೋವೋತ್‌ನಲ್ಲಿ ನನ್ನ ಮಗನನ್ನು ಇದೇ ವಯಸ್ಸಿಗೆ 'ಗಾನ್'ಗೆ (ಅಲ್ಲಿ ಶಿಶುವಿಹಾರಕ್ಕೆ ಹೀಗೇ ಅನ್ನೋದು) ಕಳಿಸಿದವಳು ನಾನು.

'ಇದೇನು?' ಅಂದರೆ 'ಮಾ ಜ಼ೆ?'. 'ಚೆಂಡೆಲ್ಲಿ?' ಅಂದರೆ 'ಏಫೊ ಹಕದೂರ್?'. ನಮ್ಮ ಹಾಗೇ ಎರಡೇ ಪದ, ನಡುವೆ ಇಂಗ್ಲಿಷಿನ 'ಈಸ್' ಇಲ್ಲ. ಎಲ್ಲಿ, ಎಲ್ಲಿಗೆ, ಎಲ್ಲಿಂದ ಮೂರಕ್ಕೂ ಬೇರೆ ಬೇರೆ ಪದ: ಏಫೊ, ಲೆಆನ್, ಮೆಏಫೊ. 'ಲಾಮಾ' ಅಂದರೆ ಯಾಕೆ. ಬಿಡಿಸಿದರೆ ಲೆ ಮತ್ತು ಮಾ, ಅಂದರೆ ನಮ್ಮ 'ಏತಕ್ಕೆ'ಯೇ. ಇಂಗ್ಲಿಷ್ ನಡುವೆ ತಂದರೆ ಗೊಂದಲವೇ ಜಾಸ್ತಿ. ಹೀಬ್ರೂನಲ್ಲಿ 'ಹೂ' ಅಂದರೆ ಅವನು, 'ಹೀ' ಅಂದರೆ ಅವಳು, 'ಮೀ' ಅಂದರೆ ಯಾರು!

'ನೀರಿದೆಯಾ?' ಅನ್ನುವಾಗ ನಾವು ಕೊನೆಗೆ ಸೇರಿಸುವ 'ಆ' ಮಾತ್ರ ಅಲ್ಲಿಲ್ಲ. 'ಯೇಶ್ ಮಾಯಿಮ್' ಅಂದರೆ ನೀರಿದೆ. ಅದನ್ನೇ ದನಿ ಏರಿಸಿ ಹೇಳಿದರೆ ಪ್ರಶ್ನೆ.

ಮೊದಲ ವಾರಕ್ಕೆ ನಾನು ಕಲಿಸುವುದಾದರೆ 'ಎಫ್ಶಾರ್'. 'ಆಗುತ್ತಾ?' ಅಂತ ಅರ್ಥ. 'ಎಫ್ಶಾರ್ ಮಾಯಿಮ್?' ಅಂತ ಕೇಳಿದರೆ ನೀರು ಸಿಗುತ್ತದೆ. 'ಎಫ್ಶಾರ್ ಲಶೆರೂತೀಮ್?' ಅಂತ ಕೇಳಿದರೆ ಶೌಚಾಲಯಕ್ಕೆ ಕರೆದುಕೊಂಡು ಹೋಗುತ್ತಾರೆ. 'ಎಫ್ಶಾರ್ ಲೆಸಖೇಕ್ ಇತ್ಖೆಮ್?' ಅಂದರೆ 'ನಿಮ್ಮ ಜೊತೆ ಆಡಲಾ?'. ಈ ಕೊನೆಯದು ಬಂದರೆ ಮಗು ಒಂಟಿಯಾಗಿ ಮೂಲೆಯಲ್ಲಿ ನಿಲ್ಲೋದಿಲ್ಲ. ಎದುರಿಗಿರುವುದು ಹುಡುಗನೋ ಹುಡುಗಿಯೋ ಎಂಬ ಚಿಂತೆಯೂ ಎಫ್ಶಾರ್‌ಗೆ ಇಲ್ಲ.

ನಿಜವಾದ ಕಷ್ಟ ಅಲ್ಲೇ ಇರೋದು. 'ನಿನಗೆ ಬೇಕಾ?' ಅಂತ ನಾವು ಯಾರನ್ನಾದರೂ ಕೇಳುತ್ತೇವೆ. ಹೀಬ್ರೂನಲ್ಲಿ ಹುಡುಗನಿಗೆ 'ಅತಾ ರೊತ್ಸೆ?', ಹುಡುಗಿಗೆ 'ಅತ್ ರೊತ್ಸಾ?'. ಪಕ್ಕದ ಮನೆಯ ಹುಡುಗಿಯ ಜೊತೆಗೇ ಆಡಿ ಕಲಿತ ನನ್ನ ಮಗ ತಿಂಗಳುಗಟ್ಟಲೆ ಹುಡುಗರಿಗೂ 'ಅತ್ ರೊತ್ಸಾ?' ಅನ್ನುತ್ತಿದ್ದ. ನಿಯಮ ಹೇಳಿದರೆ ಆ ವಯಸ್ಸಿಗೆ ಹತ್ತೋದಿಲ್ಲ. ಎರಡು ಗೊಂಬೆ ಕೂರಿಸಿದೆ, ಒಂದು ಅಣ್ಣ, ಒಂದು ತಂಗಿ. ದಿನಾ ಊಟಕ್ಕೆ ಮುಂಚೆ ಇಬ್ಬರನ್ನೂ ಅವನೇ ವಿಚಾರಿಸಬೇಕು. ತಪ್ಪಿದಾಗ ತಿದ್ದಲಿಲ್ಲ, ಸರಿಯಾದದ್ದನ್ನು ನಾನೇ ಇನ್ನೊಮ್ಮೆ ಕೇಳುತ್ತಿದ್ದೆ. ನಿಧಾನವಾಗಿ ಬಂತು.

ಅಕ್ಷರಗಳನ್ನು ಈಗಲೇ ಮುಟ್ಟಬೇಡಿ. ಉಚ್ಚಾರಣೆಯಲ್ಲಿ 'ಲೆಸಖೇಕ್'ನಂಥ ಪದಗಳ 'ಖ' ಗಂಟಲಿಂದ ಬರಬೇಕು, ಅದನ್ನು ನಮಗಿಂತ ಬೇಗ ಮಕ್ಕಳೇ ಹಿಡಿಯುತ್ತಾರೆ.

ಯಹೂದಿಗಳ ಪೇಸಖ್ ಹಬ್ಬದ ರಾತ್ರಿ ಊಟದ ಮುಂದೆ ಮನೆಯ ಅತಿ ಚಿಕ್ಕ ಮಗು ನಾಲ್ಕು ಪ್ರಶ್ನೆ ಕೇಳುವುದು ಅವರ ಸಂಪ್ರದಾಯ. ಅದಕ್ಕೆ ಗಾನ್‌ನಲ್ಲೇ ಅಭ್ಯಾಸ ಮಾಡಿಸಿದ್ದರು. ನನ್ನ ಮಗ ಮನೆಗೆ ಬಂದು ಅಷ್ಟನ್ನೂ ಹಾಡಿದ. ಅರ್ಧ ಅವನಿಗೆ ಅರ್ಥವಾಗಿರಲಿಲ್ಲ, ಆದರೆ ಮೊದಲ ಪದ 'ಮಾ' ಬಂದಾಗ ನನ್ನ ಕಡೆ ತಿರುಗಿ, "ಅಮ್ಮಾ, ಇದು ನಂಗೊತ್ತು" ಅಂದ.