ಬರೀ ಬಿಎಸ್‌ಸಿ

ಗುರುತು ಸಿಗಬಾರದೆಂದು ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಇದು ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿನಿಯ ಕಥೆ, ಬರೆಯಲು ಆಕೆಯ ಒಪ್ಪಿಗೆ ಇದೆ.

ಮೊದಲ ಸೆಮಿಸ್ಟರ್‌ನ ನಡುವೆ ಆಕೆಯನ್ನು ಆಪ್ತಸಲಹೆಗೆಂದು ನನ್ನ ಬಳಿ ಕಳಿಸಿದ್ದು ಪ್ರಾಣಿಶಾಸ್ತ್ರದ ಅಧ್ಯಾಪಕರು. ಪರೀಕ್ಷೆಗೆ ಕೂರಲು ಹಾಜರಾತಿ ಶೇ 75 ಬೇಕು, ಅವಳದು ಅರ್ಧವೂ ಇರಲಿಲ್ಲ. ಹತ್ತೊಂಬತ್ತು ವಯಸ್ಸು, ಮಲೆನಾಡಿನ ಸಣ್ಣ ಅಡಿಕೆ ತೋಟದ ಮನೆ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ವಿಜ್ಞಾನ (ಪಿಸಿಎಂಬಿ), ಆಮೇಲೆ ಎರಡು ಸಲ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ. ಎರಡನೆಯ ಸಲಕ್ಕೆ ಒಂದು ವರ್ಷ ಹಾಸ್ಟೆಲ್‌ನಲ್ಲಿದ್ದು ಲಾಂಗ್ ಟರ್ಮ್ ಕೋಚಿಂಗ್. ಅದಕ್ಕಾಗಿ ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿದ್ದರು. ಸರ್ಕಾರಿ ಸೀಟು ಬರಲಿಲ್ಲ, ಖಾಸಗಿಗೆ ದುಡ್ಡಿಲ್ಲ. ಸುಮ್ಮನೆ ಮನೆಯಲ್ಲಿ ಕೂರಬಾರದೆಂದು ಸಿಬಿಝೆಡ್‌ಗೆ, ಅಂದರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳ ಬಿಎಸ್‌ಸಿಗೆ, ಸೇರಿದ್ದಳು.

“ಏನು ಓದ್ತಿದೀಯ ಅಂತ ಯಾರಾದ್ರೂ ಕೇಳಿದ್ರೆ, ಬರೀ ಬಿಎಸ್‌ಸಿ ಅಂತೀನಿ ಮೇಡಂ,” ಎಂದಳು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಆಪ್ತಸಲಹೆಯ ತರಬೇತಿ ಪಡೆಯುವ ಮೊದಲು ನಾನು ಹಲವು ವರ್ಷ ಸಸ್ಯಶಾಸ್ತ್ರ ಕಲಿಸಿದವಳು. ನನ್ನ ವಿಷಯಕ್ಕೆ ಅಂಟಿದ ಆ ‘ಬರೀ’ ಚುಚ್ಚಿತು. ಎಂಎಸ್‌ಸಿ, ಬಿಎಡ್, ಸಂಶೋಧನೆ ಎಂದು ದಾರಿಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ತಲೆಯಾಡಿಸಿದಳು, ಎದ್ದು ಹೋದಳು, ಮೂರು ವಾರ ಬರಲಿಲ್ಲ. ಸತ್ತವರ ಮನೆಗೆ ಹೋಗಿ ಮುಂದಿನ ಮದುವೆಯ ಮಾತೆತ್ತಿದ ಹಾಗಿತ್ತು ನನ್ನ ನಡೆ.

ಎರಡನೆಯ ಭೇಟಿಯಲ್ಲಿ ಬರೀ ಕೇಳಿದೆ. ರಾತ್ರಿ ಮೂರರವರೆಗೆ ನಿದ್ದೆ ಇಲ್ಲ. ಊಟ ಸೇರುತ್ತಿಲ್ಲ. ಜೊತೆಗೆ ಓದಿದವರು ಬಿಳಿ ಕೋಟು ತೊಟ್ಟ ಫೋಟೊ ಸ್ಟೇಟಸ್‌ಗೆ ಹಾಕಿದ ದಿನ ಮೊಬೈಲ್ ಆಫ್ ಮಾಡಿದ್ದಾಳೆ. “ಸಾಯಬೇಕು ಅನ್ನಿಸಿದ್ದುಂಟಾ?” ಎಂದು ನೇರವಾಗಿಯೇ ಕೇಳಿದೆ. ಇದನ್ನು ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಅನೇಕ ಅಧ್ಯಾಪಕರಿಗೆ ಇದೆ. ಹಾಗಾಗುವುದಿಲ್ಲ, ಕೇಳಬೇಕು. ಒಂದೆರಡು ರಾತ್ರಿ ಹಾಗೆ ಅನ್ನಿಸಿತ್ತು, ಹೇಗೆ ಎಂಬ ಯೋಚನೆವರೆಗೆ ಹೋಗಿರಲಿಲ್ಲ. ಅವಳ ಒಪ್ಪಿಗೆ ಪಡೆದು ಅಮ್ಮನಿಗೆ ತಿಳಿಸಿದೆ, ಮನೋವೈದ್ಯರಿಗೆ ತೋರಿಸಿದೆವು. ಹಗಲು ರಾತ್ರಿ ಸಿಗುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಅವಳ ಮೊಬೈಲ್‌ನಲ್ಲೇ ಸೇವ್ ಮಾಡಿಸಿದೆ. ಓದಿನ ಮಾತು ಬಂದದ್ದು ನಿದ್ದೆ ಸ್ವಲ್ಪ ಸರಿಹೋದ ಮೇಲೆ.

ಮೊದಲ ಸಲಹೆ ಚಿಕ್ಕದು: ಥಿಯರಿ ತರಗತಿ ತಪ್ಪಿದರೂ ಪ್ರಾಕ್ಟಿಕಲ್ ತಪ್ಪಿಸಬೇಡ. ದುಃಖದಲ್ಲಿರುವವರಿಗೆ ಬೆಂಚಿನ ಮೇಲೆ ಕೂತು ಕೇಳುವುದು ಕಷ್ಟ, ಕೈಗೆ ಕೆಲಸ ಕೊಟ್ಟರೆ ಅಷ್ಟು ಕಷ್ಟವಾಗುವುದಿಲ್ಲ. ಆ ವಾರ ಈರುಳ್ಳಿ ಬೇರಿನ ತುದಿಯನ್ನು ಅಸಿಟೊಕಾರ್ಮೈನ್‌ನಲ್ಲಿ ಬಣ್ಣಗಟ್ಟಿಸಿ, ಗಾಜಿನ ನಡುವೆ ಒತ್ತಿ, ಕೋಶವಿಭಜನೆ ನೋಡುವುದಿತ್ತು. ಈರುಳ್ಳಿಗೆ 16 ಕ್ರೋಮೊಸೋಮ್ ಎಂದು ಅವಳಿಗೆ ಬಾಯಿಪಾಠ ಇತ್ತು. ಕಣ್ಣಲ್ಲಿ ನೋಡಿದ್ದು ಅದೇ ಮೊದಲು.

ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದದ್ದು ಅವಳನ್ನು ಇನ್ನಷ್ಟು ಕುಗ್ಗಿಸಿತ್ತು. “ಇದೆಲ್ಲ ನನಗೆ ಗೊತ್ತಿರೋದೇ, ಆದ್ರೂ ಬರೆಯೋಕೆ ಬರಲ್ಲ.” ಕಾರಣ ದಡ್ಡತನವಲ್ಲ. ನೀಟ್‌ನಲ್ಲಿ ಜೀವಶಾಸ್ತ್ರಕ್ಕೆ 720ರಲ್ಲಿ 360 ಅಂಕ, ಎಲ್ಲವೂ ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆ. ಸರಿ ಉತ್ತರ ಕಂಡಾಗ ಗುರುತು ಹಿಡಿಯುವುದು ಒಂದು ವಿದ್ಯೆ, ಖಾಲಿ ಹಾಳೆಯ ಮೇಲೆ ಅದನ್ನು ಕಟ್ಟುವುದು ಇನ್ನೊಂದು. ಮೂರು ವರ್ಷ ಮೊದಲನೆಯದನ್ನೇ ಮಾಡಿದ್ದಳು. ಅದಕ್ಕೆ ಹೇಳಿದ್ದು: ದಿನಕ್ಕೊಂದೇ ಪ್ರಶ್ನೆ, ಪುಸ್ತಕ ಮುಚ್ಚಿ, ಮೊದಲು ಕನ್ನಡದಲ್ಲಿ ಅಮ್ಮನಿಗೆ ಹೇಳುವ ಹಾಗೆ ಬರಿ, ಆಮೇಲೆ ಇಂಗ್ಲಿಷಿಗೆ ತಾ. ಕನ್ನಡದಲ್ಲಿ ಎಲ್ಲಿ ತಡವರಿಸಿದೆಯೋ ಅಲ್ಲಿ ನಿನಗೆ ಅರ್ಥವಾಗಿಲ್ಲ, ಇಂಗ್ಲಿಷಿನಲ್ಲಿ ಮಾತ್ರ ತಡವರಿಸಿದರೆ ಅದು ಭಾಷೆಯ ತೊಡಕು. ಎರಡನ್ನೂ ಒಂದೇ ಎಂದುಕೊಂಡು ಎಷ್ಟೋ ಮಕ್ಕಳು ತಮ್ಮನ್ನು ತಾವೇ ಫೇಲು ಮಾಡಿಕೊಳ್ಳುತ್ತಾರೆ. ಸೀನಿಯರ್ ರೆಕಾರ್ಡ್ ನೋಡಿ ಚಿತ್ರ ನಕಲು ಮಾಡುವುದನ್ನು ಮಾತ್ರ ಕಟ್ಟುನಿಟ್ಟಾಗಿ ಬಿಡಿಸಿದೆ.

ರಸಾಯನಶಾಸ್ತ್ರದ ಭಯ ಬೇರೆ ಇತ್ತು. ಮಾತಿನ ನಡುವೆ, ಮನೆಯ ತೋಟದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಏನು ಹೊಡೆಯುತ್ತೀರಿ ಎಂದು ಕೇಳಿದೆ. ಅವಳ ಮುಖ ಆ ದಿನ ಮೊದಲ ಬಾರಿ ಅರಳಿತು. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣ, ಬೇರೆ ಬೇರೆ ಕರಗಿಸಿ ಬೆರೆಸಬೇಕು, ಆಮೇಲೆ ಅಪ್ಪ ಕತ್ತಿ ಅದ್ದಿ ನೋಡುತ್ತಾರೆ, ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣ. ಯಾಕೆ ಕೆಂಪಗಾಗುತ್ತದೆ? ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಬ್ಬಿಣ ತಾಮ್ರನ ಹೊರಗೆ ಹಾಕತ್ತೆ,” ಎಂದಳು. ಅವಳು ಹೆದರುತ್ತಿದ್ದ ಪಾಠವೇ ಅದು. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಈ ರೋಗದ ಮೇಲೆ ಅಧ್ಯಯನ ಪ್ರಕಟಿಸಿದ್ದನ್ನೂ, ಅಡಿಕೆಗೆ ಈ ಮೈಲುತುತ್ತ-ಸುಣ್ಣದ ಬೋರ್ಡೋ ಮಿಶ್ರಣದ ಸಿಂಪಡಣೆ ಹಬ್ಬಿದ್ದರಲ್ಲಿ ಅವರ ಪಾತ್ರವನ್ನೂ ಹೇಳಿದೆ. ಕೊಳೆಗೆ ಕಾರಣವಾದ ಫೈಟಾಫ್ತೊರ ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಪಾಚಿಗಳಿಗೆ ಹತ್ತಿರದ ನೆಂಟ, ಅದರ ಬೀಜಕಗಳು ನೀರಿನಲ್ಲಿ ಈಜುತ್ತವೆ, ಮಳೆಗಾಲದಲ್ಲೇ ಕೊಳೆ ಏರುವುದಕ್ಕೆ ಅದೂ ಕಾರಣ ಎಂದೆ. ಅಂದು ಗಂಟೆ ಮುಗಿದರೂ ಏಳಲಿಲ್ಲ.

ನೀಟ್ ಬಿಡು ಎಂದು ನಾನು ಹೇಳಲಿಲ್ಲ, ಹೇಳುವ ಹಕ್ಕು ನನಗಿಲ್ಲ. 2022ರಲ್ಲಿ ಗರಿಷ್ಠ ವಯೋಮಿತಿ ತೆಗೆದ ಮೇಲೆ ಬಾಗಿಲು ಎಂದೂ ಮುಚ್ಚುವುದಿಲ್ಲ. ಎಷ್ಟೋ ಮಕ್ಕಳು ಒಳಗೂ ಹೋಗದೆ ಹೊರಗೂ ಬಾರದೆ ಹೊಸ್ತಿಲಲ್ಲೇ ಉಳಿಯುವುದೂ ಅದರಿಂದಲೇ. ಜನವರಿ ಕೊನೆಯೊಳಗೆ ನೀನೇ ತೀರ್ಮಾನಿಸು, ಬರೆಯುವುದಾದರೆ ಹೊಸ ಸಾಲವಿಲ್ಲದೆ, ಕಾಲೇಜು ಬಿಡದೆ ಬರಿ ಎಂದೆ. ಅಪ್ಪನನ್ನು ಕರೆಸಿ, ಸಾಲದ ಮಾತು ಅವಳೆದುರು ಆರು ತಿಂಗಳು ಎತ್ತಬೇಡಿ ಎಂದು ಕೈಮುಗಿದು ಕೇಳಿಕೊಂಡೆ. “ನಾನು ಎತ್ತೇ ಇಲ್ವಲ್ಲ ಮೇಡಂ,” ಎಂದರು ಅವರು. ನಿಜ, ಅವರು ಎತ್ತಿರಲಿಲ್ಲ. ಅವರ ಮೌನವನ್ನೇ ಅವಳು ಸಿಟ್ಟೆಂದು ಓದಿಕೊಂಡಿದ್ದಳು. ಆ ಮಾತನ್ನು ಅವರೇ ಅವಳಿಗೆ ಹೇಳುವಂತೆ ಮಾಡಿದ್ದಷ್ಟೇ ನನ್ನ ಕೆಲಸ.

ನೀಟ್ ಬರೆಯುವುದಿಲ್ಲ ಎಂದು ಜನವರಿಯಲ್ಲಿ ತೀರ್ಮಾನಿಸಿದಳು. ಹಗುರಾದಳು ಎನ್ನಲಾರೆ, ಆಮೇಲೆ ನಾಲ್ಕು ದಿನ ಕಾಲೇಜಿಗೇ ಬರಲಿಲ್ಲ. ಮೊದಲ ವರ್ಷದ ಒಂದು ಪೇಪರ್ ಉಳಿಯಿತು, ಮತ್ತೆ ಕಟ್ಟಿ ಪಾಸಾದಳು. ಬಿಎಸ್‌ಸಿ ಒಂದರಿಂದಲೇ ಒಳ್ಳೆಯ ಕೆಲಸ ಸಿಗುವುದು ಕಷ್ಟ ಎಂಬುದನ್ನೂ ಮುಚ್ಚಿಡಲಿಲ್ಲ. ಈಗ ಐದನೇ ಸೆಮಿಸ್ಟರ್. ಎಂಎಸ್‌ಸಿ ಪ್ರವೇಶಕ್ಕೆ ಫೆಬ್ರವರಿಯಲ್ಲಿ ನಡೆಯುವ ಜ್ಯಾಮ್ ಪರೀಕ್ಷೆಗೆ ಬಯೋಟೆಕ್ನಾಲಜಿ ಪೇಪರ್ ಓದುತ್ತಿದ್ದಾಳೆ, ಆಗದಿದ್ದರೆ ಬಿಎಡ್ ಎಂದಿದ್ದಾಳೆ. ಸಸ್ಯಶಾಸ್ತ್ರ ಓದಿದವರು ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೂ ಕೂರಬಹುದು ಎಂದು ತಿಳಿದಾಗಿನಿಂದ ಅದರ ಪಠ್ಯಕ್ರಮವನ್ನು ಮಡಿಸಿ ರೆಕಾರ್ಡಿನೊಳಗೆ ಇಟ್ಟುಕೊಂಡಿದ್ದಾಳೆ. ಏನು ಓದ್ತಿದೀಯ ಎಂಬ ಪ್ರಶ್ನೆ ಬರುವ ಮದುವೆ ಮನೆಗಳಿಗೆ ಇನ್ನೂ ಹೋಗುವುದಿಲ್ಲ.

ಕಳೆದ ವಾರ ಊರಿನಿಂದ ಬರುವಾಗ ಕೊಳೆ ಬಂದು ಉದುರಿದ ಹಸಿ ಅಡಿಕೆಯನ್ನು ಟಿಫಿನ್ ಡಬ್ಬಿಯಲ್ಲಿ ತಂದು ಕೊಟ್ಟಳು. ಪ್ರಯೋಗಾಲಯದ ಕಿಟಕಿ ಬಳಿ ತಟ್ಟೆಯ ನೀರಿನಲ್ಲಿ ಇಟ್ಟಿದ್ದೇವೆ. ಈಜುವ ಬೀಜಕ ಕಂಡರೆ ಅಪ್ಪನನ್ನು ಕರೆತರುತ್ತಾಳಂತೆ.